ಟಿ-ಕೋಶ ಗ್ರಾಹಕಗಳ ವೈವಿಧ್ಯ: ಸಂಧಿಯೂ ಪಾಠಾಂತರವೂ

ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನು ಬರೆಯುವ ಲೇಖನವು ಹಳಗನ್ನಡ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತದ್ದಾಗಿರುವುದು ವಾಡಿಕೆ. ಈ ಸಲ ಆ ವಾಡಿಕೆಯನ್ನು ಬಿಟ್ಟು ಶರೀರಶಾಸ್ತ್ರದ ಒಂದು ವಿಷಯವನ್ನು ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ. ಪೂರ್ತಿಯಾಗಿ ಬಿಟ್ಟಿದ್ದೇನೆಂದು ಹೇಳುವಂತೆಯೂ ಇಲ್ಲ. ಮನುಷ್ಯನ ರಕ್ತದಲ್ಲಿ ಸಂಚರಿಸುವ ಟಿ-ಕೋಶಗಳೆಂಬ ರಕ್ಷಕ ಕೋಶಗಳು ಶತ್ರುವನ್ನು ಗುರುತಿಸುವ ತಮ್ಮ ಅಂಗವನ್ನು ಹೇಗೆ ರಚಿಸಿಕೊಳ್ಳುತ್ತವೆಂಬುದನ್ನು ಓದುತ್ತ ಹೋದಂತೆ, ತರಗತಿಯ ಕರಿಹಲಗೆಯ ಮೇಲೆ ಬರೆಯುತ್ತ ಬಂದ ಲೋಪ, ಆಗಮಗಳೂ ಗ್ರಂಥಸಂಪಾದನೆಯ ಪಾಠಾಂತರಗಳೂ ಅಲ್ಲಿ ಬೇರೆ ವೇಷದಲ್ಲಿ ಎದುರಾದವು. ಹೋಲಿಕೆಯು ತಿಳಿವಳಿಕೆಗೆ ಊರುಗೋಲೇ ಹೊರತು ಪ್ರಮಾಣವಲ್ಲ. ಆದುದರಿಂದ ಹೋಲಿಕೆ ಎಲ್ಲಿ ನಿಂತುಹೋಗುತ್ತದೆಂಬುದನ್ನೂ ಆಯಾ ಸ್ಥಳದಲ್ಲಿ ಸೂಚಿಸುವೆನು.

ಈ ಗ್ರಾಹಕಗಳ ವೈವಿಧ್ಯಕ್ಕೆ ಎರಡು ಮೂಲಗಳುಂಟು. ಒಂದು, ಪ್ರತಿಯೊಬ್ಬರ ದೇಹವೂ ತನ್ನೊಳಗೆ ತಾನೇ ರಚಿಸಿಕೊಳ್ಳುವ ವೈವಿಧ್ಯ. ಇನ್ನೊಂದು, ತಂದೆತಾಯಿಗಳಿಂದ ಬಂದ ಮೂಲಪಾಠದಲ್ಲೇ ವ್ಯಕ್ತಿಯಿಂದ ವ್ಯಕ್ತಿಗೆ, ಜನದಿಂದ ಜನಕ್ಕೆ ಕಾಣುವ ಭೇದ. ಮೊದಲನೆಯದರ ಬುಡವನ್ನು ಲೋಕವು ೧೯೮೪ರಲ್ಲಿಯೇ ಕಂಡಿತು. ಎರಡನೆಯದರ ವಿಸ್ತಾರ ಈಚೆಗಷ್ಟೇ ಗೋಚರವಾಗತೊಡಗಿದೆ. ಅದರಲ್ಲಿ ನಮ್ಮ ಪಾಲಿನ ಕೆಲಸವೂ ಸಾಕಷ್ಟು ಉಳಿದಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

೧. ಸಮಸ್ಯೆಯ ಸ್ವರೂಪ

ರೋಗಾಣುಗಳಿಂದ ದೇಹವನ್ನು ಕಾಯುವ ಬಿಳಿಯ ರಕ್ತಕಣಗಳಲ್ಲಿ ಬಿ-ಕೋಶ, ಟಿ-ಕೋಶ ಎಂದು ಎರಡು ಮುಖ್ಯ ಪಂಗಡಗಳಿವೆ. ಬಿ-ಕೋಶಗಳು ಪ್ರತಿಕಾಯಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಟಿ-ಕೋಶಗಳಾದರೋ ತಾವೇ ಹೋಗಿ ಮುಟ್ಟಿ ನೋಡುತ್ತವೆ. ಇವುಗಳ ಮೂಲಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಗಡೆ ಇರುವ ಥೈಮಸ್ ಎಂಬ ಗ್ರಂಥಿಯನ್ನು ಸೇರಿ ಅಲ್ಲಿ ಪಕ್ವವಾಗುತ್ತವೆ. ಟಿ ಎಂಬ ಹೆಸರು ಬಂದದ್ದು ಆ ಥೈಮಸ್ಸಿನಿಂದಲೇ. ಬಹುಕಾಲ ಈ ಗ್ರಂಥಿಯು ನಿಷ್ಪ್ರಯೋಜಕವೆಂದು ಭಾವಿಸಲಾಗಿತ್ತು. ೧೯೬೧ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿಯು, ಹುಟ್ಟಿದ ಕೂಡಲೇ ಇಲಿಮರಿಗಳಿಂದ ಇದನ್ನು ತೆಗೆದುಹಾಕಿದರೆ ಅವುಗಳ ರೋಗನಿರೋಧಕ ಶಕ್ತಿಯೇ ಕುಸಿಯುವುದೆಂದು ತೋರಿಸಿ ಆ ಭಾವನೆಯನ್ನು ಅಳಿಸಿದನು.

ಪ್ರತಿಯೊಂದು ಟಿ-ಕೋಶದ ಮೈಮೇಲೆ ಗ್ರಾಹಕಗಳೆಂಬ ಪ್ರೊಟೀನುಗಳು ಸಾವಿರಾರು ಸಂಖ್ಯೆಯಲ್ಲಿ ನಿಂತಿರುತ್ತವೆ. ಒಂದು ಕೋಶದ ಮೇಲಿನ ಗ್ರಾಹಕಗಳೆಲ್ಲ ಸಾಮಾನ್ಯವಾಗಿ ಒಂದೇ ಅಚ್ಚಿನವು. ಪಕ್ಕದ ಕೋಶದ್ದು ಬೇರೆ ಅಚ್ಚು. ವೈರಸ್ಸು ಹೊಕ್ಕ ಜೀವಕೋಶವು ತನ್ನೊಳಗಿನ ಪ್ರೊಟೀನುಗಳನ್ನು ತುಂಡರಿಸಿ, ಆ ತುಣುಕುಗಳನ್ನು ಎಚ್.ಎಲ್.ಎ. ಎಂಬ ಹರಿವಾಣದಂಥ ಅಣುವಿನ ಮೇಲಿಟ್ಟು ಹೊರಗೆ ತೋರಿಸುತ್ತದೆ. ಟಿ-ಕೋಶದ ಗ್ರಾಹಕವು ತುಣುಕನ್ನೂ ಹರಿವಾಣವನ್ನೂ ಒಟ್ಟಿಗೆ ಓದುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಲಾರದು. ಈ ತತ್ತ್ವವನ್ನು ೧೯೭೪ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್ನಾಗೆಲ್ ಕಂಡುಹಿಡಿದರು. ೧೯೯೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿಯೇ ಸಮಸ್ಯೆ ತಲೆಯೆತ್ತುತ್ತದೆ. ರೋಗಾಣುಗಳು ಅಸಂಖ್ಯ, ಇಂದಿಲ್ಲದ ರೋಗಾಣು ನಾಳೆ ಹುಟ್ಟಬಹುದು. ೨೦೧೯ರ ಕೊನೆಯವರೆಗೆ ಯಾರೂ ಕಂಡಿರದ ಕೊರೋನಾ ವೈರಸ್ಸನ್ನು ಗುರುತಿಸಬಲ್ಲ ಟಿ-ಕೋಶಗಳು ಅದಕ್ಕೆ ಮೊದಲೇ ಜನರ ಮೈಯಲ್ಲಿ ಸಿದ್ಧವಾಗಿರಬೇಕಾಗಿತ್ತು, ಇದ್ದವು ಕೂಡ. ಮನುಷ್ಯನ ಡಿ.ಎನ್.ಎ. ಎಂಬ ಗ್ರಂಥದಲ್ಲಿ ಇರುವುದು ಸುಮಾರು ೩೦೦ ಕೋಟಿ ಅಕ್ಷರಗಳು. ಅದರಲ್ಲಿ ಪ್ರೊಟೀನುಗಳನ್ನು ವಿಧಿಸುವ ವಂಶವಾಹಿಗಳು ಸುಮಾರು ೨೦,೦೦೦ ಮಾತ್ರ. ಇಷ್ಟು ಅಲ್ಪ ಬಂಡವಾಳದಿಂದ ಕೋಟ್ಯನುಕೋಟಿ ಗ್ರಾಹಕಗಳು ಹುಟ್ಟುವುದು ಹೇಗೆ? ಒಂದೊಂದು ಗ್ರಾಹಕಕ್ಕೆ ಒಂದೊಂದು ವಂಶವಾಹಿ ಎಂದು ಇಟ್ಟುಕೊಂಡರೆ ಲೆಕ್ಕ ಸರಿಹೋಗದು.

೨. ಖಂಡಗಳ ಪ್ರಸ್ತಾರ

ಛಂದಸ್ಸನ್ನು ಓದಿದವರಿಗೆ ಪ್ರಸ್ತಾರವೆಂಬುದು ಹೊಸದಲ್ಲ. ಗುರು, ಲಘು ಎಂಬ ಎರಡೇ ಗುರುತುಗಳನ್ನು ಮೂರು ಸ್ಥಾನಗಳಲ್ಲಿ ಹರಡಿದರೆ ಎಂಟು ಗಣಗಳಾಗುತ್ತವೆ. ಸ್ಥಾನಗಳು ಹೆಚ್ಚಿದಂತೆ ರೂಪಗಳು ಇಮ್ಮಡಿಯಾಗುತ್ತ ಹೋಗುತ್ತವೆ. ದೇಹವೂ ಇಂಥ ಪ್ರಸ್ತಾರದ ಮಾರ್ಗವನ್ನೇ ಹಿಡಿದಿದೆ. ಪ್ರತಿಕಾಯಗಳ ವಿಷಯದಲ್ಲಿ ಹೀಗಿರಬಹುದೆಂದು ೧೯೬೫ರಲ್ಲಿ ಡ್ರೈಯರ್ ಮತ್ತು ಬೆನೆಟ್ ಊಹಿಸಿದರು. ೧೯೭೬ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸುಸುಮು ತೊನೆಗಾವಾ ತಮ್ಮ ಸಹೋದ್ಯೋಗಿ ಹೊಜುಮಿಯವರೊಡನೆ ಅದನ್ನು ಪ್ರಯೋಗದಿಂದ ಸಿದ್ಧಪಡಿಸಿದರು. ಈ ಕಾರ್ಯಕ್ಕಾಗಿ ತೊನೆಗಾವಾ ೧೯೮೭ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಟಿ-ಕೋಶದ ಗ್ರಾಹಕ ಮಾತ್ರ ಇನ್ನೂ ಕೆಲವು ವರ್ಷ ಕೈಗೆ ಸಿಕ್ಕಲಿಲ್ಲ. ೧೯೮೪ರಲ್ಲಿ ಅಮೆರಿಕದ ಮಾರ್ಕ್ ಡೇವಿಸ್, ಸ್ಟೀಫನ್ ಹೆಡ್ರಿಕ್ ಮೊದಲಾದವರು ಇಲಿಯಲ್ಲಿಯೂ, ಕೆನಡಾದ ಟೊರಾಂಟೋದಲ್ಲಿ ಟ್ಯಾಕ್ ಮ್ಯಾಕ್ ಮತ್ತವರ ಸಂಗಡಿಗರು ಮನುಷ್ಯನಲ್ಲಿಯೂ ಅದರ ಬೀಟಾ ಸರಪಣಿಯ ವಂಶವಾಹಿಯನ್ನು ಹಿಡಿದರು.

ಗ್ರಾಹಕವು ಎರಡು ಸರಪಣಿಗಳ ಜೋಡಿ. ಬಹುಪಾಲು ಟಿ-ಕೋಶಗಳಲ್ಲಿ ಆಲ್ಫಾ ಮತ್ತು ಬೀಟಾ ಸರಪಣಿಗಳಿರುತ್ತವೆ. ಒಂದು ಅಲ್ಪ ಪಂಗಡದಲ್ಲಿ ಗ್ಯಾಮಾ ಮತ್ತು ಡೆಲ್ಟಾ ಸರಪಣಿಗಳಿರುತ್ತವೆ. ಬೀಟಾ ಮತ್ತು ಗ್ಯಾಮಾಗಳ ನೆಲೆ ನಮ್ಮ ೭ನೆಯ ವರ್ಣತಂತು. ಆಲ್ಫಾದ ನೆಲೆ ೧೪ನೆಯದು. ಡೆಲ್ಟಾದ ನೆಲೆಯು ಆಲ್ಫಾದ ನೆಲೆಯ ನಡುವೆಯೇ ಅಡಗಿದೆ. ಈ ನೆಲೆಗಳಲ್ಲಿ ಇಡಿಯ ವಂಶವಾಹಿ ಎಂಬುದು ಇರುವುದಿಲ್ಲ. ವಿ, ಡಿ, ಜೆ ಎಂಬ ಹೆಸರಿನ ಬಿಡಿ ಖಂಡಗಳು ಸಾಲಾಗಿರುತ್ತವೆ. ಬೀಟಾ ಸರಪಣಿಗೆ ಮೂರೂ ಬೇಕು; ಆಲ್ಫಾ ಸರಪಣಿಗೆ ಡಿ ಖಂಡವಿಲ್ಲ, ವಿ ಮತ್ತು ಜೆ ಸಾಕು. ಥೈಮಸ್ಸಿನಲ್ಲಿ ಬೆಳೆಯುವ ಪ್ರತಿಯೊಂದು ಕೋಶವೂ ಪ್ರತಿಯೊಂದು ಸಾಲಿನಿಂದ ಒಂದೊಂದು ಖಂಡವನ್ನು ಆಯ್ದು, ನಡುವಿನದನ್ನು ಕತ್ತರಿಸಿ ತೆಗೆದು, ಆಯ್ದುದನ್ನು ಕೂಡಿಸಿಕೊಳ್ಳುತ್ತದೆ.

ಲೆಕ್ಕವನ್ನು ನೋಡೋಣ. ಆಲ್ಫಾದಲ್ಲಿ ಕೆಲಸಕ್ಕೆ ಬರುವ ವಿ ಖಂಡಗಳು ಸುಮಾರು ೪೫, ಜೆ ಖಂಡಗಳು ಸುಮಾರು ೫೦. ಕೂಡುವ ಬಗೆಗಳು ಎರಡು ಸಾವಿರಕ್ಕೂ ಮೇಲೆ. ಬೀಟಾದಲ್ಲಿ ವಿ ಖಂಡಗಳು ಅಷ್ಟೇ, ಡಿ ಖಂಡಗಳು ೨, ಜೆ ಖಂಡಗಳು ೧೩. ಈ ಹದಿಮೂರು ಜೆ ಖಂಡಗಳು ಆರು ಮತ್ತು ಏಳರ ಎರಡು ಗುಂಪುಗಳಾಗಿವೆ. ಮೊದಲನೆಯ ಡಿ ಎರಡು ಗುಂಪಿನೊಡನೆಯೂ ಕೂಡಬಲ್ಲುದು. ಎರಡನೆಯ ಡಿ ತನ್ನ ಮುಂದಿರುವ ಏಳರ ಗುಂಪಿನೊಡನೆ ಮಾತ್ರ. ಹೀಗೆ ಡಿ-ಜೆ ಜೋಡಿಗಳು ೨೦. ಅದಕ್ಕೆ ವಿ ಸೇರಿದರೆ ಸುಮಾರು ೯೦೦. ಆಲ್ಫಾ, ಬೀಟಾಗಳ ಬಗೆಗಳನ್ನು ಗುಣಿಸಿದರೆ ಸುಮಾರು ೨೦ ಲಕ್ಷ ಜೋಡಿಗಳಾಗುತ್ತವೆ. ಸಣ್ಣ ಸಂಖ್ಯೆಯಲ್ಲವಾದರೂ, ಕಾಣದ ಶತ್ರುಗಳ ಮುಂದೆ ಇದು ಸಾಲದು.

೩. ಸಂಧಿಸ್ಥಾನ

ನಿಜವಾದ ಐಶ್ವರ್ಯ ಇರುವುದು ಖಂಡಗಳಲ್ಲಲ್ಲ, ಖಂಡಗಳು ಕೂಡುವ ಸ್ಥಾನದಲ್ಲಿ. ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿದಾಗ ಉಕಾರ ಲೋಪವಾಗಿ ‘ಊರಲ್ಲಿ’ ಎಂದಾಗುವುದನ್ನೂ, ‘ಮನೆ’ಗೆ ‘ಇಂದ’ ಸೇರಿದಾಗ ಯಕಾರ ಆಗಮವಾಗಿ ‘ಮನೆಯಿಂದ’ ಎಂದಾಗುವುದನ್ನೂ ನಮ್ಮ ಬಾಲಕರು ಕಂಠಪಾಠ ಮಾಡಿರುತ್ತಾರೆ. ವಿ, ಡಿ, ಜೆ ಖಂಡಗಳ ನಡುವೆಯೂ ಲೋಪವುಂಟು, ಆಗಮವುಂಟು.

ಕತ್ತರಿಸುವ ಕೆಲಸ ರ‍್ಯಾಗ್-೧, ರ‍್ಯಾಗ್-೨ ಎಂಬ ಎರಡು ಪ್ರೊಟೀನುಗಳದು. ಇವುಗಳ ವಂಶವಾಹಿಗಳನ್ನು ೧೯೮೯ ಮತ್ತು ೧೯೯೦ರಲ್ಲಿ ಡೇವಿಡ್ ಶಾಟ್ಸ್, ಮಾರ್ಜರಿ ಓಟಿಂಗರ್, ಡೇವಿಡ್ ಬಾಲ್ಟಿಮೋರ್ ಗುರುತಿಸಿದರು. ಪ್ರತಿ ಖಂಡದ ಅಂಚಿನಲ್ಲಿಯೂ ಏಳು ಅಕ್ಷರಗಳ ಒಂದು ಸಂಜ್ಞೆ, ಆಮೇಲೆ ಒಂದು ತೆರಪು, ಅನಂತರ ಒಂಬತ್ತು ಅಕ್ಷರಗಳ ಇನ್ನೊಂದು ಸಂಜ್ಞೆ ಇರುತ್ತವೆ. ತೆರಪು ಒಂದೋ ೧೨ ಅಕ್ಷರಗಳಷ್ಟು, ಇಲ್ಲವೇ ೨೩ ಅಕ್ಷರಗಳಷ್ಟು. ಹನ್ನೆರಡರ ತೆರಪಿನದು ಇಪ್ಪತ್ತಮೂರರ ತೆರಪಿನದರೊಡನೆ ಮಾತ್ರ ಕೂಡಬೇಕೆಂಬುದು ನಿಯಮ. ಆದುದರಿಂದಲೇ ವಿ ಖಂಡಕ್ಕೆ ಇನ್ನೊಂದು ವಿ ಖಂಡ ಅಂಟಿಕೊಂಡು ಅನರ್ಥವಾಗುವುದಿಲ್ಲ.

ಕತ್ತರಿಸಿದ ಬಳಿಕ ಖಂಡದ ತುದಿಗಳನ್ನು ಕೆಲವು ಕಿಣ್ವಗಳು ಒಂದೆರಡಕ್ಷರವೋ ಹಲವು ಅಕ್ಷರಗಳೋ ಕಡಿಮೆಯಾಗುವಂತೆ ಮೆಲ್ಲುತ್ತವೆ: ಇದು ಲೋಪ. ಅನಂತರ ಟಿ.ಡಿ.ಟಿ. ಎಂಬ ಕಿಣ್ವವು ಯಾವ ಮಾತೃಕೆಯನ್ನೂ ನೋಡಿಕೊಳ್ಳದೆ ಮನಸ್ಸಿಗೆ ಬಂದಂತೆ ಹೊಸ ಅಕ್ಷರಗಳನ್ನು ಸೇರಿಸುತ್ತದೆ: ಇದು ಆಗಮ. ತಂದೆಯಿಂದಲೂ ತಾಯಿಯಿಂದಲೂ ಬರದ, ಆ ಕೋಶದಲ್ಲಿ ಆ ಕ್ಷಣದಲ್ಲಿ ಹುಟ್ಟಿದ ಅಕ್ಷರಗಳಿವು. ಹೋಲಿಕೆ ನಿಲ್ಲುವುದು ಇಲ್ಲಿಯೇ. ‘ಊರು’, ‘ಅಲ್ಲಿ’ಗಳನ್ನು ಎಷ್ಟು ಸಲ ಕೂಡಿಸಿದರೂ ‘ಊರಲ್ಲಿ’ ಎಂದೇ ಆಗಬೇಕು. ವ್ಯಾಕರಣದ ಸಂಧಿಯು ನಿಯಮಬದ್ಧ. ಕೋಶದ ಸಂಧಿಯಲ್ಲಾದರೋ ಅವೇ ಎರಡು ಖಂಡಗಳು ಸಾವಿರ ಕೋಶಗಳಲ್ಲಿ ನಾನಾ ಬಗೆಯಾಗಿ ಕೂಡಬಲ್ಲವು.

ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಉಂಟು. ಡಿ.ಎನ್.ಎ.ಯ ಭಾಷೆಯನ್ನು ಅಕ್ಷರಗಣಗಳಂತೆ ಮೂರು ಮೂರು ಅಕ್ಷರಗಳಾಗಿ ಬಿಡಿಸಿ ಓದಬೇಕು; ಒಂದೊಂದು ಗಣಕ್ಕೆ ಒಂದೊಂದು ಅಮೈನೋ ಆಮ್ಲ. ವೃತ್ತದ ನಡುವೆ ಒಂದಕ್ಷರ ಹೆಚ್ಚಾದರೆ ಮುಂದಿನ ಗಣಗಳೆಲ್ಲ ಹೇಗೆ ಕೆಡುವುವೋ ಹಾಗೆಯೇ, ಸಂಧಿಯಲ್ಲಿ ಕೂಡಿದ ಮತ್ತು ಕಳೆದ ಅಕ್ಷರಗಳ ಮೊತ್ತವು ಮೂರರ ಲೆಕ್ಕಕ್ಕೆ ಬಾರದಿದ್ದರೆ ಮುಂದಿನ ಪಾಠವೆಲ್ಲ ನಿರರ್ಥಕವಾಗುತ್ತದೆ. ಮೂರು ಜೋಡಣೆಗಳಲ್ಲಿ ಎರಡು ಹೀಗೆ ವ್ಯರ್ಥವಾಗುವುವು.

ಸಂಧಿಸ್ಥಾನದ ಮಹತ್ತ್ವವು ೧೯೯೬ರಲ್ಲಿ, ಗ್ರಾಹಕವು ಹರಿವಾಣವನ್ನೂ ತುಣುಕನ್ನೂ ಹಿಡಿದಿರುವ ಸ್ಫಟಿಕರಚನೆಗಳು ಪ್ರಕಟವಾದಾಗ ಕಣ್ಣಿಗೆ ಕಾಣುವಂತಾಯಿತು. ಖಂಡಗಳು ಕೂಡುವ ಆ ಸ್ಥಾನವೇ ಗ್ರಾಹಕದ ನಡುವಿನ ಬೆರಳಾಗಿ ರೋಗಾಣುವಿನ ತುಣುಕಿನ ಮೇಲೆ ಇರುತ್ತದೆ. ವಂಶದಿಂದ ಬಂದ ವಿ ಖಂಡದ ಬೆರಳುಗಳು ಹೆಚ್ಚಾಗಿ ಹರಿವಾಣದ ಅಂಚುಗಳನ್ನು ಹಿಡಿಯುತ್ತವೆ. ಎಂದರೆ, ಬದಲಾಗುವ ಶತ್ರುವಿಗೆ ಬದಲಾಗುವ ಬೆರಳು. ಆನುವಂಶಿಕವಾದ ಹರಿವಾಣಕ್ಕೆ ಆನುವಂಶಿಕವಾದ ಬೆರಳು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಯೋಜನವಿದೆ.

೪. ಪರೀಕ್ಷೆ ಮತ್ತು ಫಲ

ಸಂಧಿಯ ಲೋಪಾಗಮಗಳನ್ನೂ ಲೆಕ್ಕಕ್ಕೆ ಹಿಡಿದರೆ ಸಾಧ್ಯವಾದ ಗ್ರಾಹಕಗಳ ಸಂಖ್ಯೆಯು ಒಂದರ ಮುಂದೆ ೧೫ ಸೊನ್ನೆಗಳನ್ನಿಟ್ಟಷ್ಟೋ ಅದಕ್ಕೂ ಮಿಗಿಲೋ ಆಗುತ್ತದೆ. ಒಬ್ಬ ಮನುಷ್ಯನಲ್ಲಿರುವ ಟಿ-ಕೋಶಗಳ ಒಟ್ಟು ಸಂಖ್ಯೆಯೇ ಸುಮಾರು ೪೦,೦೦೦ ಕೋಟಿ. ಆದುದರಿಂದ ಸಾಧ್ಯವಾದುದರಲ್ಲಿ ಅತ್ಯಲ್ಪ ಭಾಗ ಮಾತ್ರ ಒಬ್ಬರ ಮೈಯಲ್ಲಿ ರೂಪ ತಾಳಬಲ್ಲುದು. ೧೯೯೯ರ ಒಂದು ಅಧ್ಯಯನವು ಒಬ್ಬರಲ್ಲಿ ಕನಿಷ್ಠ ೨.೫ ಕೋಟಿ ಬಗೆಯ ಗ್ರಾಹಕಗಳಿರಬೇಕೆಂದು ಎಣಿಸಿತು. ೨೦೧೪ರ ಇನ್ನೊಂದು ಅಧ್ಯಯನವು ಯುವಕರಲ್ಲಿ ಬೀಟಾ ಸರಪಣಿಯ ಬಗೆಗಳೇ ೬ರಿಂದ ೧೨ ಕೋಟಿಯಷ್ಟಿವೆಯೆಂದೂ, ವೃದ್ಧರಲ್ಲಿ ಅದು ಎರಡರಿಂದ ಐದು ಪಟ್ಟು ಕುಗ್ಗುವುದೆಂದೂ ತಿಳಿಸಿತು. ಥೈಮಸ್ ಗ್ರಂಥಿಯು ವಯಸ್ಸಿನೊಡನೆ ಕರಗುತ್ತ ಹೋಗುವುದರಿಂದ ಹೊಸ ಟಿ-ಕೋಶಗಳ ಆದಾಯ ಕಡಿಮೆಯಾಗುತ್ತದೆ. ಹಿರಿಯರು ಹೊಸ ರೋಗಗಳಿಗೆ ಬೇಗ ಈಡಾಗುವುದಕ್ಕೆ ಇದೂ ಒಂದು ಕಾರಣ.

ಹುಟ್ಟಿದ ಗ್ರಾಹಕಗಳೆಲ್ಲ ಬಳಕೆಗೆ ಬರುವುದಿಲ್ಲ. ಥೈಮಸ್ಸಿನಲ್ಲಿ ಎರಡು ಪರೀಕ್ಷೆಗಳು ನಡೆಯುತ್ತವೆ. ತನ್ನ ದೇಹದ ಎಚ್.ಎಲ್.ಎ.ಯನ್ನು ಸ್ವಲ್ಪವೂ ಹಿಡಿಯಲಾರದ ಕೋಶವು ಅನುಪಯುಕ್ತವೆಂದು ಸಾಯುತ್ತದೆ. ತನ್ನ ದೇಹದ್ದೇ ತುಣುಕನ್ನು ಅತಿಯಾಗಿ ಹಿಡಿಯುವ ಕೋಶವು ಅಪಾಯಕಾರಿಯೆಂದು ಸಾಯುತ್ತದೆ. ಈ ಎರಡನೆಯ ಪರೀಕ್ಷೆಗಾಗಿ ಥೈಮಸ್ಸಿನ ಕೆಲವು ಕೋಶಗಳು ಇನ್ಸುಲಿನ್ ಮೊದಲಾದ ಬೇರೆ ಅಂಗಗಳ ಪ್ರೊಟೀನುಗಳನ್ನೂ ತಯಾರಿಸಿ ತೋರಿಸುತ್ತವೆ. ಪರೀಕ್ಷೆಗೆ ನಿಂತ ನೂರರಲ್ಲಿ ಐದಕ್ಕಿಂತ ಕಡಿಮೆ ಕೋಶಗಳು ತೇರ್ಗಡೆಯಾಗುತ್ತವೆ. ನಮ್ಮ ಯಾವ ಪರೀಕ್ಷಾ ಮಂಡಲಿಯೂ ಇಷ್ಟು ಕಠಿನವಾಗಿ ನಡೆದುಕೊಂಡಿಲ್ಲ!

ಇದರ ಫಲವಾಗಿ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಮೂಲಪಾಠ ಒಂದೇ ಆಗಿದ್ದು ವಿ ಖಂಡಗಳ ಬಳಕೆಯ ಪ್ರಮಾಣ ಪರಸ್ಪರ ಹೋಲುತ್ತಿದ್ದರೂ, ಅವರ ಗ್ರಾಹಕಗಳ ಸಂಧಿಸ್ಥಾನಗಳು ಬಹುಮಟ್ಟಿಗೆ ಬೇರೆಯಾಗಿರುತ್ತವೆ. ಅಕ್ಷರಮಾಲೆ ಒಂದೇ, ಬರೆದುಕೊಂಡ ನಿಘಂಟು ಬೇರೆ.

ಈ ಸಂಧಿಕಾರ್ಯವೇ ನಿಂತುಹೋದರೆ ಏನಾಗುವುದು? ರ‍್ಯಾಗ್ ವಂಶವಾಹಿಗಳು ಪೂರ್ಣವಾಗಿ ಕೆಟ್ಟಿರುವ ಶಿಶುವಿಗೆ ಟಿ-ಕೋಶವೂ ಇಲ್ಲ, ಬಿ-ಕೋಶವೂ ಇಲ್ಲ. ಹುಟ್ಟುವಾಗ ಆರೋಗ್ಯವಾಗಿ ಕಂಡ ಕೂಸು ಕೆಲವು ತಿಂಗಳಲ್ಲಿ ಸಾಮಾನ್ಯ ಸೋಂಕಿಗೂ ಬಲಿಯಾಗುತ್ತದೆ. ಇದನ್ನು ಮೊದಲೇ ಅರಿಯುವ ಉಪಾಯವೂ ಸಂಧಿಯಿಂದಲೇ ದೊರೆತಿದೆ. ಖಂಡಗಳನ್ನು ಕೂಡಿಸುವಾಗ ಕತ್ತರಿಸಿ ತೆಗೆದ ಡಿ.ಎನ್.ಎ.ಯು ಉಂಗುರದಂತೆ ಮುಚ್ಚಿಕೊಂಡು ಕೋಶದಲ್ಲಿ ಉಳಿಯುತ್ತದೆ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದು ಒಣಗಿಸಿದ ರಕ್ತದ ಚುಕ್ಕೆಯಲ್ಲಿ ಆ ಉಂಗುರಗಳನ್ನು ಎಣಿಸಿದರೆ ಸಾಕು; ಅವಿಲ್ಲವೆಂದರೆ ಟಿ-ಕೋಶಗಳು ಹುಟ್ಟುತ್ತಿಲ್ಲವೆಂದೇ ಅರ್ಥ. ೨೦೦೮ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು ಎಲ್ಲ ಶಿಶುಗಳಿಗೂ ಈ ಪರೀಕ್ಷೆಯನ್ನು ಮೊದಲು ಮಾಡಿತು. ೨೦೧೮ರ ಹೊತ್ತಿಗೆ ಆ ದೇಶದ ಎಲ್ಲ ರಾಜ್ಯಗಳಿಗೂ ಅದು ಹಬ್ಬಿತು. ಇಂಥ ಕೂಸಿಗೆ ಮೂರೂವರೆ ತಿಂಗಳೊಳಗೆ ಇನ್ನೊಬ್ಬರ ಅಸ್ಥಿಮಜ್ಜೆಯ ಮೂಲಕೋಶಗಳನ್ನು ಕೊಟ್ಟರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆಂದು ೨೦೧೪ರಲ್ಲಿ ಪ್ರಕಟವಾದ ವರದಿಯು ತೋರಿಸಿದೆ. ತಡವಾದಷ್ಟೂ ಆಸೆ ಕುಗ್ಗುತ್ತದೆ.

೫. ಪಾಠಾಂತರಗಳು

ಇಲ್ಲಿಯವರೆಗೆ ಮೂಲಖಂಡಗಳು ಎಲ್ಲರಲ್ಲಿಯೂ ಒಂದೇ ಎಂಬಂತೆ ವಿವರಿಸಿದೆ. ಶಾಸ್ತ್ರಜ್ಞರಲ್ಲಿಯೂ ಬಹುಕಾಲ ಹಾಗೆಯೇ ನಡೆದುಬಂದಿತ್ತು. ಸಂಧಿಯಿಂದಲೇ ಇಷ್ಟು ವೈವಿಧ್ಯ ಬರುವಾಗ ಮೂಲದ ಒಂದೆರಡಕ್ಷರದ ಭೇದಕ್ಕೆ ಬೆಲೆಯೇನೆಂಬ ಭಾವನೆಯಿತ್ತು. ಅದು ಸರಿಯಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆನು.

ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸು ಲೋಕದ ಬಹುಪಾಲು ಜನರನ್ನು ಸೋಕುತ್ತದೆ. ಎಚ್.ಎಲ್.ಎ.-ಬಿ೩೫ ಎಂಬ ಹರಿವಾಣವುಳ್ಳ ಅನೇಕರಲ್ಲಿ ಆ ವೈರಸ್ಸಿನ ಒಂದು ತುಣುಕಿಗೆ ಉತ್ತರ ಕೊಡುವ ಗ್ರಾಹಕವು ಬೀಟಾ ಸರಪಣಿಯ ವಿ-೯ ಎಂಬ ಖಂಡದಿಂದ ಆದದ್ದು. ಆ ಖಂಡಕ್ಕೆ ಜನರಲ್ಲಿ ಎರಡು ಸಾಮಾನ್ಯ ರೂಪಗಳಿವೆ. ಇವುಗಳ ಪ್ರೊಟೀನಿನಲ್ಲಿ ಇರುವ ಭೇದ ಒಂದೇ ಅಮೈನೋ ಆಮ್ಲದ್ದು: ೫೫ನೆಯ ಸ್ಥಾನದಲ್ಲಿ ಒಂದರಲ್ಲಿ ಗ್ಲುಟಮಿನ್, ಇನ್ನೊಂದರಲ್ಲಿ ಹಿಸ್ಟಿಡಿನ್. ೨೦೧೦ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪರಿಶೀಲಿಸಿದಾಗ, ಎರಡನೆಯ ರೂಪವು ಈ ಉತ್ತರದಲ್ಲಿ ಒಮ್ಮೆಯೂ ಬಳಕೆಯಾಗಿರಲಿಲ್ಲ. ಭೇದವಿದ್ದುದು ಸಂಧಿಸ್ಥಾನದಲ್ಲಲ್ಲ, ವಂಶದಿಂದ ಬಂದ ಬೆರಳಿನ ಬಳಿಯಲ್ಲಿ. ಪಾಠದ ಒಂದಕ್ಷರ ಬದಲಾದರೆ ಪದ್ಯದ ಅರ್ಥವೇ ಬದಲಾಗಬಹುದೆಂಬುದು ಗ್ರಂಥಸಂಪಾದಕರಿಗೆ ಗೊತ್ತಿರುವ ಸಂಗತಿಯೇ.

ಈ ಖಂಡಗಳ ಪ್ರಮಾಣಪಾಠವನ್ನು ಕಾಪಾಡುವ ಕೋಶವನ್ನು ಮಾರಿ-ಪೋಲ್ ಲೆಫ್ರಾಂಕ್ ಎಂಬ ವಿದುಷಿಯು ೧೯೮೯ರಲ್ಲಿ ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ ಸ್ಥಾಪಿಸಿದರು. ಐ.ಎಂ.ಜಿ.ಟಿ. ಎಂದು ಪ್ರಸಿದ್ಧವಾದ ಇದು ಇಂದಿಗೂ ಲೋಕಕ್ಕೆ ಆಧಾರ. ಆದರೆ ಯಾವ ಶೋಧಿತ ಮುದ್ರಣವಾದರೂ ತನಗೆ ದೊರೆತ ಓಲೆಗರಿಗಳನ್ನು ಮೀರಲಾರದು. ವಿ ಖಂಡಗಳು ಒಂದನ್ನೊಂದು ಬಹಳವಾಗಿ ಹೋಲುವುದರಿಂದ ಇವುಗಳನ್ನು ಬಿಡಿಸಿ ಓದುವುದೂ ಕಷ್ಟ. ಹೊಸ ರಕ್ತದ ಮಾದರಿಯೊಂದರಲ್ಲಿ ಕಂಡ ಪಾಠವು ಕೋಶದಲ್ಲಿಲ್ಲದಿದ್ದರೆ ಅದನ್ನು ಓದಿನ ದೋಷವೆಂದು ತಿದ್ದಿಬಿಡುವ, ಅಥವಾ ಹತ್ತಿರದ ಬೇರೊಂದು ಖಂಡದ ಲೆಕ್ಕಕ್ಕೆ ಬರೆದುಬಿಡುವ ಅಪಾಯವುಂಟು. ಲಿಪಿಕಾರನ ತಪ್ಪೆಂದು ತಳ್ಳಿಬಿಟ್ಟ ರೂಪವೇ ಶುದ್ಧಪಾಠವೆಂದು ಇನ್ನೊಂದು ಪ್ರತಿ ಸಿಕ್ಕಾಗ ತಿಳಿದುಬರುವುದು ನಮ್ಮ ಶಾಸ್ತ್ರದಲ್ಲಿ ಹೊಸತೇನೂ ಅಲ್ಲ.

೨೦೨೩ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ವಿದ್ವಾಂಸರು ಒಂದು ದೊಡ್ಡ ಪಾಠಪರಿಷ್ಕರಣವನ್ನೇ ಪ್ರಕಟಿಸಿದರು. ಆಫ್ರಿಕ, ಪೂರ್ವ ಏಷ್ಯ, ದಕ್ಷಿಣ ಏಷ್ಯ, ಯೂರೋಪು ಎಂಬ ನಾಲ್ಕು ಜನವರ್ಗಗಳ ೪೫ ಮಂದಿಯ ರಕ್ತದಲ್ಲಿ ನಾಲ್ಕು ಸರಪಣಿಗಳ ಖಂಡಗಳನ್ನೂ ಅವರು ಓದಿದರು. ಅಷ್ಟೇ ಜನರಲ್ಲಿ ಅದುವರೆಗೆ ಪಟ್ಟಿಯಲ್ಲಿಲ್ಲದ ೧೭೫ ಪಾಠಾಂತರಗಳು ಕಂಡವು. ಬಹುಪಾಲು ಪಾಠಾಂತರಗಳು ಪ್ರೊಟೀನಿನ ರೂಪವನ್ನೇ ಬದಲಿಸುವಂಥವು. ಅವು ಜನವರ್ಗದಿಂದ ಜನವರ್ಗಕ್ಕೆ ತೀರ ಬೇರೆ ಬೇರೆ 
ಪ್ರಮಾಣದಲ್ಲಿದ್ದವು.

ಇನ್ನೂ ವಿಸ್ಮಯದ ಸಂಗತಿಯೆಂದರೆ, ಇವುಗಳಲ್ಲಿ ಮೂರು ಭಾಗಗಳು ನಿಯಾಂಡರ್ತಾಲ್ ಮಾನವರಿಂದ ಬಂದವುಗಳು. ಸುಮಾರು ೪೦,೦೦೦ ವರ್ಷಗಳ ಹಿಂದೆ ಕಣ್ಮರೆಯಾದ ಆ ಪ್ರಾಚೀನರ ಡಿ.ಎನ್.ಎ.ಯನ್ನು ಸ್ವಾಂಟೆ ಪಾಬೊ ಮತ್ತವರ ತಂಡದವರು ೨೦೧೦ರಲ್ಲಿ ಓದಿ ಪ್ರಕಟಿಸಿದರು. ಪಾಬೊ ಅವರಿಗೆ ೨೦೨೨ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆಫ್ರಿಕದ ಹೊರಗಿನ ಜನರ ಡಿ.ಎನ್.ಎ.ಯಲ್ಲಿ ನೂರಕ್ಕೆ ಒಂದೆರಡು ಪಾಲು ಅವರದೇ ಎಂಬುದು ಆಗಲೇ ತಿಳಿದಿತ್ತು. ಗ್ಯಾಮಾ ಸರಪಣಿಯ ವಿ-೪ ಎಂಬ ಖಂಡದ ಬಹಳ ಭಿನ್ನವಾದ ಒಂದು ರೂಪವು ಅವರಿಂದ ಬಂದು ಯೂರೋಪು ಮತ್ತು ಏಷ್ಯದ ಎಲ್ಲ ಜನವರ್ಗಗಳಲ್ಲಿ ನೆಲೆಸಿದೆಯೆಂದು ಈ ಅಧ್ಯಯನವು ತೋರಿಸಿತು. ಕರುಳಿನ ಒಳಪದರದ ಟಿ-ಕೋಶಗಳು ತಮ್ಮ ಸುತ್ತಲಿನ ಒಂದು ಪ್ರೊಟೀನನ್ನು ಗುರುತಿಸುವ ರೀತಿಯೇ ಈ ರೂಪದಿಂದ ಬದಲಾಗುತ್ತದೆ. ಅಳಿದುಹೋದ ಶಾಖೆಯೊಂದರ ಪಾಠವು ನಮ್ಮ ಪ್ರತಿಗಳಲ್ಲಿ ಉಳಿದುಬಂದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಒಂದು ಎಚ್ಚರಿಕೆ ಅಗತ್ಯ. ಪಾಠಾಂತರವೆಂಬುದು ಮೇಲುಕೀಳಿನ ಸೂಚನೆಯಲ್ಲ. ಒಂದು ವೈರಸ್ಸಿನೆದುರು ಬಳಕೆಗೆ ಬಾರದ ರೂಪವು ಇನ್ನೊಂದರೆದುರು ಬಳಕೆಗೆ ಬಂದೀತು. ಒಂದೇ ಊರಿನ, ಒಂದೇ ಮನೆಯ ಅಣ್ಣತಮ್ಮಂದಿರಲ್ಲಿಯೂ ಪಾಠಾಂತರಗಳುಂಟು. ಇದರಿಂದ ಕುಲದ ಹಿರಿಮೆಯನ್ನು ಸಾಧಿಸಹೊರಡುವವರು ಶಾಸ್ತ್ರವನ್ನು ಓದಿದವರಲ್ಲ.

೬. ನಮ್ಮ ಪಾಲಿನ ಓಲೆಗರಿ

ಇದೆಲ್ಲ ದೂರದ ಪ್ರಯೋಗಶಾಲೆಗಳ ಮಾತಲ್ಲವೆ, ನಮಗೇನು ಎಂದು ಕೆಲವರಿಗೆ ತೋರಬಹುದು. ಆದರೆ ಟಿ-ಕೋಶದ ಗ್ರಾಹಕವು ಈಗ ಔಷಧವಾಗಿ ಮಾರ್ಪಟ್ಟಿದೆ. ಕೀಲುಗಳ ಬಳಿ ಬೆಳೆಯುವ ಸೈನೋವಿಯಲ್ ಸಾರ್ಕೋಮ ಎಂಬ ಅರ್ಬುದಕ್ಕೆ, ರೋಗಿಯ ಟಿ-ಕೋಶಗಳನ್ನೇ ಹೊರತೆಗೆದು, ಆರಿಸಿದ ಗ್ರಾಹಕವೊಂದನ್ನು ಅವುಗಳಿಗೆ ಕೊಟ್ಟು, ಮರಳಿ ಮೈಗೆ ಸೇರಿಸುವ ಚಿಕಿತ್ಸೆಗೆ ೨೦೨೪ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನು ಎಲ್ಲರಿಗೂ ಕೊಡುವಂತಿಲ್ಲ, ಎಚ್.ಎಲ್.ಎ.-ಎ೨ ಗುಂಪಿನ ಗೊತ್ತಾದ ಕೆಲವು ರೂಪಗಳಿದ್ದವರಿಗೆ ಮಾತ್ರ. ಯಾರ ಪಾಠವನ್ನು ಓದಿ ಔಷಧವನ್ನು ರಚಿಸಿದರೋ ಅವರಿಗೆ ಅದು ಒಗ್ಗುತ್ತದೆ. ಯಾರ ಪಾಠ ಪಟ್ಟಿಯಲ್ಲಿಯೇ ಇಲ್ಲವೋ ಅವರು ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ.

ಪಟ್ಟಿಯಲ್ಲಿ ನಾವೆಷ್ಟಿದ್ದೇವೆ? ಸ್ವೀಡನ್ನಿನವರು ತಮ್ಮ ಫಲಿತಾಂಶವನ್ನು ತಾಳೆನೋಡಿದ್ದು ‘ಸಾವಿರ ಜೀನೋಮು’ಗಳೆಂಬ ಅಂತರರಾಷ್ಟ್ರೀಯ ಸಂಗ್ರಹದೊಡನೆ. ೨೦೦೮ರಲ್ಲಿ ಆರಂಭವಾಗಿ ೨೦೧೫ರಲ್ಲಿ ಮುಗಿದ ಆ ಸಂಗ್ರಹದಲ್ಲಿ ೨೬ ಜನಸಮೂಹಗಳ ೨,೫೦೪ ಮಂದಿಯ ಡಿ.ಎನ್.ಎ. ಇದೆ. ದಕ್ಷಿಣ ಏಷ್ಯದ ಸಮೂಹಗಳು ಐದು: ಅಮೆರಿಕದ ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿರುವ ಶ್ರೀಲಂಕಾ ತಮಿಳರು, ಬ್ರಿಟನ್ನಿನಲ್ಲಿಯೇ ಇರುವ ತೆಲುಗರು. ಐದರಲ್ಲಿ ಒಂದೂ ಭಾರತದ ನೆಲದಲ್ಲಿ ಸಂಗ್ರಹವಾದುದಲ್ಲ. ಕನ್ನಡ ನುಡಿವವರ ಸಮೂಹವಂತೂ ಇಲ್ಲವೇ ಇಲ್ಲ. ನಮ್ಮ ದೇಶದಲ್ಲಿ ಶತಮಾನಗಳಿಂದ ತಂತಮ್ಮ ಸಮುದಾಯದೊಳಗೇ ವಿವಾಹಗಳು ನಡೆದುಬಂದಿರುವುದರಿಂದ, ಒಂದು ಕಡೆ ಅಪರೂಪವಾದ ರೂಪವು ಇನ್ನೊಂದು ಕಡೆ ಸಾಮಾನ್ಯವಾಗಿರುವುದುಂಟು. ಒಂದು ಪ್ರತಿಯನ್ನು ನೋಡಿ ಇಡೀ ದೇಶದ ಪಾಠವನ್ನು ನಿರ್ಧರಿಸಲು ಇಲ್ಲಿ ಸಾಧ್ಯವಿಲ್ಲ.

ಈ ಕೊರತೆಯನ್ನು ತುಂಬುವ ಕೆಲಸ ನಮ್ಮ ನೆಲದಲ್ಲಿಯೇ ಮೊದಲಾಗಿರುವುದು ಸಂತೋಷದ ಸಂಗತಿ. ೨೦೨೦ರಲ್ಲಿ ಆರಂಭವಾದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ ೨೦ ಸಂಸ್ಥೆಗಳು ಕೂಡಿ ೮೩ ಜನಸಮುದಾಯಗಳ ಸುಮಾರು ೧೦,೦೦೦ ಮಂದಿಯ ಡಿ.ಎನ್.ಎ.ಯನ್ನು ಓದಿದವು. ಇದರ ಸೂತ್ರ ಹಿಡಿದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ. ೨೦೨೫ರ ಜನವರಿಯಲ್ಲಿ ಆ ಭಂಡಾರವು ಸಂಶೋಧಕರಿಗೆ ತೆರೆಯಿತು. ಅದನ್ನು ಫರೀದಾಬಾದಿನ ಜೈವಿಕ ದತ್ತಾಂಶ ಕೇಂದ್ರದಲ್ಲಿ ಇರಿಸಲಾಗಿದೆ.

ಆದರೆ ಓಲೆಗರಿಗಳು ಸಂಗ್ರಹವಾದ ಮಾತ್ರಕ್ಕೆ ಸಂಪಾದನೆ ಮುಗಿಯದು. ಟಿ-ಕೋಶ ಗ್ರಾಹಕದ ನೆಲೆಗಳು ಪುನರುಕ್ತಿಗಳಿಂದ ತುಂಬಿರುವುದರಿಂದ, ಡಿ.ಎನ್.ಎ.ಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಓದುವ ಕ್ರಮವು ಅಲ್ಲಿ ತಡವರಿಸುತ್ತದೆ. ಉದ್ದನೆಯ ಓದು ಬೇಕು. ಸಾಲದುದಕ್ಕೆ, ರಕ್ತದಿಂದ ತೆಗೆದ ಡಿ.ಎನ್.ಎ.ಯಲ್ಲಿ ಒಂದು ಪಾಲು ಟಿ-ಕೋಶಗಳದೇ ಆಗಿದ್ದು, ಅದರಲ್ಲಿ ಖಂಡಗಳು ಆಗಲೇ ಕತ್ತರಿಸಿ ಕೂಡಿಹೋಗಿರುತ್ತವೆ. ಮೂಲಪಾಠ ಯಾವುದು, ಸಂಧಿಯಾದ ಪಾಠ ಯಾವುದು ಎಂಬ ವಿವೇಚನೆ ಹೆಜ್ಜೆಹೆಜ್ಜೆಗೂ ಬೇಕಾಗುತ್ತದೆ. ತಾಳ್ಮೆಯುಳ್ಳ ತರುಣರು ಅನೇಕ ವರ್ಷ ಮಾಡಬೇಕಾದ ಕೆಲಸವಿದು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹ ಇಷ್ಟು. ಉಪಾಧ್ಯಾಯ ಬಂಧುಗಳು ವಿಜ್ಞಾನದ ತರಗತಿಯಲ್ಲಿ ಈ ವಿಷಯ ಬಂದಾಗ ಕನ್ನಡದಲ್ಲಿ ಬಿಡಿಸಿ ಹೇಳಲಿ. ಲೋಪಾಗಮಗಳನ್ನು ಬಲ್ಲ ಮಗುವಿಗೆ ಇದು ಕಠಿನವಲ್ಲ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ನವಜಾತ ಶಿಶುವಿನ ರಕ್ತದ ಚುಕ್ಕೆಯ ಪರೀಕ್ಷೆಯ ವಿಚಾರವನ್ನು ತಮ್ಮಲ್ಲಿಗೆ ಬರುವ ತಾಯಂದಿರಿಗೆ ತಿಳಿಸಲಿ. ಮೊದಲಿನ ಮಕ್ಕಳು ಕಾರಣ ತಿಳಿಯದೆ ಸೋಂಕಿನಿಂದ ತೀರಿಕೊಂಡ ಮನೆಗಳಲ್ಲಿ ಇದು ಒಂದು ಜೀವದ ಪ್ರಶ್ನೆ. ದಾನಿಗಳು ಪ್ರಯೋಗಶಾಲೆಗೆ ಕೊಡುವ ಒಂದು ಸೂಕ್ಷ್ಮದರ್ಶಕದ ಮುಂದೆ ನಾಳಿನ ಸಂಪಾದಕನೊಬ್ಬನು ಕುಳಿತಿರಬಹುದೆಂದು ನೆನೆಯಲಿ. ತಕ್ಕ ಸಂಸ್ಥೆಯವರು ಒಪ್ಪಿಗೆ ಕೇಳಿ, ಗುಟ್ಟನ್ನು ಕಾಯುವ ಮಾತು ಕೊಟ್ಟು, ಒಂದಿಷ್ಟು ರಕ್ತವನ್ನು ಬೇಡಿದರೆ, ಏಕೆ ಬೇಡುತ್ತಿದ್ದಾರೆಂಬುದನ್ನು ನಮ್ಮ ಹಳ್ಳಿಯ ಜನರೂ ತಿಳಿದು ಉತ್ತರಿಸುವಂತಾಗಲಿ.

ಅಳಿದುಹೋದ ನಿಯಾಂಡರ್ತಾಲರ ಪಾಠಕ್ಕೂ ಇಂದು ಆ ಮಹಾಗ್ರಂಥದ ಅಡಿಟಿಪ್ಪಣಿಯಲ್ಲಿ ಸ್ಥಾನ ದೊರೆತಿದೆ. ಬದುಕಿರುವ ನಮ್ಮ ಜನರ ಪಾಠಗಳೂ ಅಲ್ಲಿ ದಾಖಲಾಗುವುದು ನ್ಯಾಯ. ಅದು ಆಗುವವರೆಗೆ, ಪಟ್ಟಿಯಲ್ಲಿಲ್ಲದ ಪಾಠವನ್ನು ತಪ್ಪೆಂದು ತಿದ್ದುವ ಮೊದಲು ಇನ್ನೊಂದು ಪ್ರತಿಯನ್ನು ಹುಡುಕಬೇಕೆಂಬ ಹಳೆಯ ಸಂಪಾದಕರ ನಿಯಮವನ್ನು ಹೊಸ ಶಾಸ್ತ್ರದವರೂ ಪಾಲಿಸಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.